ಬೊಲೆರೊ ಕೆಟ್ಟಿದ್ದು ಬೆಟ್ಟದಲ್ಲಲ್ಲ

ಓದುಗರ ಪ್ರಶ್ನೆ

ನಾವು ಚಿಕ್ಕಬಳ್ಳಾಪುರದ ಹನ್ನೊಂದು ಮಂದಿ ಗೆಳೆಯರು. ಡಿಸೆಂಬರ್ ಕೊನೆಯ ವಾರದಲ್ಲಿ ಬಾಗೇಪಲ್ಲಿ ಕಡೆ ಪರಿಚಯದ ರೈತರೊಬ್ಬರ ಹುಣಸೆ ತೋಪಿನಲ್ಲಿ ಡೇರೆ ಹಾಕಿ ಎರಡು ರಾತ್ರಿ ಉಳಿಯಲು ಹೊರಟೆವು. ಎರಡು ಥಾರ್, ಒಂದು ಜಿಮ್ನಿ, ಒಂದು ಸ್ಕಾರ್ಪಿಯೊ, ಜೊತೆಗೆ ನನ್ನ 2011ರ ಬೊಲೆರೊ. ಕೊನೆಯ ಆರು ಕಿಲೋಮೀಟರ್ ಬಂಡಿಜಾಡು. ನಡುವೆ ಗುಂಡುಕಲ್ಲುಗಳ ಒಂದು ಏರು. ಅಲ್ಲಿ ನನ್ನ ಗಾಡಿ ಹೀಟ್ ಆಯಿತು. ಮುಳ್ಳು ಕೆಂಪು ಗೆರೆ ಮುಟ್ಟಿದ್ದು ಕಂಡರೂ ಏರು ಮುಗಿಯಲಿ ಎಂದು ಓಡಿಸಿದೆ. ನಿಂತ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆಯಲು ಹೋಗಿ ಮುಂಗೈ ಸುಟ್ಟುಕೊಂಡೆ. ಕ್ಯಾನಿನ ತಣ್ಣೀರು ಸುರಿದು ಮತ್ತೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಥಾರ್‌ಗಳೂ ಜಿಮ್ನಿಯೂ ಎರಡು ಕಿಲೋಮೀಟರ್ ಮುಂದೆ ಹೋಗಿಬಿಟ್ಟಿದ್ದವು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಟೂ ವೀಲ್ ಡ್ರೈವ್ ಸ್ಕಾರ್ಪಿಯೊಗೆ ಟ್ರ್ಯಾಕ್ಟರಿನ ಹಗ್ಗ ಕಟ್ಟಿ ಎಳೆಸಿದೆವು. ನನ್ನ ಬಂಪರಿಗೆ ಸಿಕ್ಕಿಸಿದ್ದ ಕಬ್ಬಿಣದ ಕೊಕ್ಕೆ ಕಿತ್ತುಕೊಂಡು ಹಾರಿ ಸ್ಕಾರ್ಪಿಯೊದ ಹಿಂದಿನ ಗಾಜು ಒಡೆಯಿತು. ಎರಡನೇ ಸಲ ಎಳೆಯುವಾಗ ಅದರ ಕ್ಲಚ್ ಸುಟ್ಟಿತು. ಮರುದಿನ ಬೆಳಿಗ್ಗೆ ಒಂದು ಥಾರ್ ಬಾಗೇಪಲ್ಲಿಯಿಂದ ಮೆಕ್ಯಾನಿಕ್ ಕರೆತರಲು ಹೋಯಿತು. ಇನ್ನೊಂದು ಥಾರ್, ಎರಡು ವರ್ಷದ ಆಟೊಮ್ಯಾಟಿಕ್, ಸೆಲ್ಫ್ ಹೊಡೆಯಲೇ ಇಲ್ಲ. ರಾತ್ರಿಯಿಡೀ ದೀಪ, ಫ್ರಿಜ್ ಅದರ ಬ್ಯಾಟರಿಯಿಂದಲೇ ನಡೆದಿದ್ದವು. ಜಂಪ್ ಕೊಟ್ಟರೆ ತನ್ನ ಗಾಡಿಯ ಕಂಪ್ಯೂಟರ್ ಸುಡುತ್ತದೆ ಎಂದು ಜಿಮ್ನಿಯ ಗೆಳೆಯ ಕೇಬಲ್ ಹಾಕಲು ಬಿಡಲಿಲ್ಲ.

ಹಳೆಯ ಗಾಡಿ ತಂದದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ಮಾರ್ಚ್ ಮೊದಲ ವಾರ ಮಧುಗಿರಿ, ಪಾವಗಡ ಕಡೆ ಹೊರಡುವ ಯೋಚನೆ ಇದೆ. ಬೊಲೆರೊ ಬಿಟ್ಟು ಹೋಗಬೇಕೆ? ಮಾರಿ ಫೋರ್ ವೀಲ್ ಡ್ರೈವ್ ಕೊಳ್ಳಬೇಕೆ? ಸ್ಕಾರ್ಪಿಯೊದ ಕ್ಲಚ್ಚಿನ ಖರ್ಚನ್ನು ನಾನೇ ಕೊಡಬೇಕು ಎನ್ನುತ್ತಿದ್ದಾರೆ. ಅದು ನ್ಯಾಯವೇ?

– ಓದುಗ, ಚಿಕ್ಕಬಳ್ಳಾಪುರ

ಉತ್ತರ

ಮುಂಗೈ ವಾಸಿಯಾಗಿದೆ ಎಂದುಕೊಂಡಿದ್ದೇನೆ. ನನ್ನ ಎಡ ಮುಂಗೈ ಮೇಲೂ ಅಂಥದೇ ಒಂದು ಕಲೆ ಇದೆ. ಇಪ್ಪತ್ತಾರು ವರ್ಷದ ಹಿಂದೆ ತುಮಕೂರಿನ ಗ್ಯಾರೇಜೊಂದಕ್ಕೆ ಕೆಲಸ ಕಲಿಯಲು ಸೇರಿದ ಮೂರನೆಯ ದಿನ, ಪಾವಗಡದಿಂದ ಕುದಿಯುತ್ತಾ ಬಂದ ಜೀಪಿನ ಕ್ಯಾಪ್ ತಿರುಗಿಸಿ ಸಂಪಾದಿಸಿದ್ದು. ಆದ್ದರಿಂದ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ನಡೆದದ್ದೇನು ಎಂದು ಬಿಡಿಸಿ ಹೇಳಬಲ್ಲೆ.

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಅಡಿಯಲ್ಲಿರುವ ಅಳುಕು ಒಂದೇ: ಗುಂಪಿನ ಪ್ರವಾಸ ನಿಮ್ಮಿಂದ ಕೆಟ್ಟಿತೇ? ಪತ್ರವನ್ನು ಎರಡು ಸಲ ಓದಿದೆ. ಮೂರು ಗಾಡಿಗಳು ಕೆಟ್ಟಿವೆ. ಮೂರರಲ್ಲಿ ಒಂದು ಹದಿನೈದು ವರ್ಷದ ಹತ್ತಿರದ್ದು, ಒಂದು ಎರಡೇ ವರ್ಷದ್ದು. ವಯಸ್ಸೇ ಕಾರಣವಾಗಿದ್ದರೆ ಎರಡು ವರ್ಷದ ಥಾರ್ ಬೆಳಿಗ್ಗೆ ಏಕೆ ಮಲಗಿತು? ಮೂರೂ ಕಡೆ ಸಾಮಾನ್ಯವಾಗಿರುವುದು ಬೇರೆಯೇ ಇದೆ. ನೀವು ಮುಳ್ಳು ಏರಿದ್ದನ್ನು ನೋಡಿದಿರಿ, ನಿಲ್ಲಿಸಲಿಲ್ಲ. ಸ್ಕಾರ್ಪಿಯೊದವರ ಮೂಗಿಗೆ ಕ್ಲಚ್ಚಿನ ಸುಟ್ಟ ವಾಸನೆ ಖಂಡಿತ ಬಡಿದಿರುತ್ತದೆ, ಅವರೂ ನಿಲ್ಲಿಸಲಿಲ್ಲ. ಥಾರ್‌ನವರು ರಾತ್ರಿ ಫ್ರಿಜ್ ಆರಿಸಬೇಕೇ ಎಂದು ಒಮ್ಮೆಯಾದರೂ ಯೋಚಿಸಿರುತ್ತಾರೆ. ಹನ್ನೊಂದು ಜನರ ಮುಂದೆ ‘ಸ್ವಲ್ಪ ತಡೆಯಿರಿ’ ಎನ್ನಲು ನಾಚಿಕೆ. ಬಯಲುಸೀಮೆಯ ಕಲ್ಲುದಾರಿಯಲ್ಲಿ ನನ್ನ ಗ್ಯಾರೇಜಿಗೆ ಅತಿ ಹೆಚ್ಚು ಕೆಲಸ ತಂದುಕೊಟ್ಟಿರುವುದು ಈ ನಾಚಿಕೆಯೇ.

ಈಗ ಬೊಲೆರೊ. ಅದು ಕೆಟ್ಟಿದ್ದು ಆ ಏರಿನಲ್ಲಿ ಅಲ್ಲ. ಏರು ಅದನ್ನು ಬಯಲಿಗೆ ತಂದಿತು, ಅಷ್ಟೇ.

ತಾರು ರಸ್ತೆಯಲ್ಲಿ ಗಾಡಿ ಅರವತ್ತರ ವೇಗದಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಒಳಗೆ ಅರ್ಧ ಕಟ್ಟಿಕೊಂಡಿದ್ದರೂ ನಿಮಗೆ ತಿಳಿಯುವುದಿಲ್ಲ. ಅದೇ ಗಾಡಿ ಮೊದಲ ಗೇರಿನಲ್ಲಿ, ಜನ ಮತ್ತು ಸಾಮಾನು ಹೊತ್ತು, ನಡೆದು ಹೋಗುವವನ ವೇಗದಲ್ಲಿ ಕಲ್ಲು ಹತ್ತುವಾಗ ಎಂಜಿನ್ ದುಡಿಯುವುದು ಹೆಚ್ಚು, ಗಾಳಿ ಬರುವುದು ಬರೀ ಫ್ಯಾನಿನಿಂದ. ಆಗ ಎಲ್ಲ ಹಳೆಯ ಸಾಲ ಒಟ್ಟಿಗೆ ವಸೂಲಾಗುತ್ತದೆ. ಆ ಫ್ಯಾನಿನ ಸುತ್ತ ಒಂದು ಕವಚ ಇರಬೇಕು. ಅದಿದ್ದರೆ ಮಾತ್ರ ಫ್ಯಾನು ಗಾಳಿಯನ್ನು ರೇಡಿಯೇಟರಿನ ಮೂಲಕ ಎಳೆಯುತ್ತದೆ. ಇಲ್ಲದಿದ್ದರೆ ಅಕ್ಕಪಕ್ಕದ ಬಿಸಿಗಾಳಿಯನ್ನೇ ಕಲಕುತ್ತಾ ಕೂರುತ್ತದೆ. ನನ್ನಲ್ಲಿಗೆ ಬರುವ ಹತ್ತು ಹಳೆಯ ಗಾಡಿಗಳಲ್ಲಿ ಮೂರ್ನಾಲ್ಕಕ್ಕೆ ಈ ಕವಚವೇ ಇರುವುದಿಲ್ಲ. ಯಾವಾಗಲೋ ಬೆಲ್ಟ್ ಬದಲಿಸಿದ ಹುಡುಗ ಬಿಚ್ಚಿ ಮೂಲೆಗಿಟ್ಟಿರುತ್ತಾನೆ, ತಿರುಗಿ ಹಾಕಿರುವುದಿಲ್ಲ.

ಇನ್ನೊಂದು ನಮ್ಮ ಸೀಮೆಯದೇ ಕಾಯಿಲೆ. ಕೂಲೆಂಟ್ ಕಡಿಮೆಯಾದಾಗ ಹತ್ತಿರದ ತೋಟದ ಬೋರ್‌ವೆಲ್ ನೀರು ಹಾಕುವುದು. ಬಾಗೇಪಲ್ಲಿ ಇರಲಿ, ಪಾವಗಡ ಇರಲಿ, ಆಳದ ಬೋರಿನ ನೀರು ಗಡಸು. ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯ ತಳ ನೋಡಿದರೆ ಗೊತ್ತಾಗುತ್ತದೆ. ಹೋದ ತಿಂಗಳು ಒಂದು ರೇಡಿಯೇಟರಿನ ಮೇಲಿನ ಟ್ಯಾಂಕ್ ಬಿಚ್ಚಿಸಿದೆ. ಒಳಗಿನ ಚಪ್ಪಟೆ ಕೊಳವೆಗಳ ಬಾಯಿ ಒಣಗಿದ ಸುಣ್ಣದ ಪಾತ್ರೆಯ ಅಂಚಿನಂತೆ ಬೆಳ್ಳಗಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಸಾಲಿನಲ್ಲಿ ಅರ್ಧದಷ್ಟು ಕೊಳವೆಗಳಲ್ಲಿ ಬೆಳಕು ಆಚೆ ಕಾಣಲಿಲ್ಲ. ಅದರ ಮಾಲೀಕರು ಐದು ವರ್ಷದಿಂದ ‘ಬರೀ ನೀರೇ ಸಾಕು, ನಮ್ಮ ಅಪ್ಪನ ಕಾಲದಿಂದ ನೀರೇ ಹಾಕಿದ್ದೇವೆ’ ಎನ್ನುತ್ತಿದ್ದವರು. ಅಪ್ಪನ ಕಾಲದಲ್ಲಿ ಬಾವಿಯ ನೀರಿತ್ತು ಸ್ವಾಮಿ, ಸಾವಿರ ಅಡಿಯಿಂದ ಎತ್ತಿದ ನೀರಲ್ಲ.

ರೇಡಿಯೇಟರ್ ಕ್ಯಾಪ್ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಬಿಡಿಭಾಗ ಎಂದೇ ಎಣಿಸುವುದಿಲ್ಲ. ಅದು ಬರೀ ಮುಚ್ಚಳವಲ್ಲ, ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದಂತೆ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೂ ಮೊದಲೇ, ಹತ್ತಿರ ಹತ್ತಿರ 97 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ಸರಿಯಾಗಿದ್ದು ಒಳಗೆ ಒಂದು ಬಾರ್‌ನಷ್ಟು ಒತ್ತಡ ಹಿಡಿದರೆ ಅದೇ ನೀರು 118–120 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಕೂಲೆಂಟ್ ಅರ್ಧಕ್ಕರ್ಧ ಬೆರೆತಿದ್ದರೆ ಇನ್ನೂ ಮೇಲಕ್ಕೆ. ಕ್ಯಾಪಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿತೆಂದರೆ ಆ ಇಪ್ಪತ್ತು ಡಿಗ್ರಿ ಕೈಬಿಟ್ಟುಹೋಯಿತು. ಕೆಲವು ನೂರು ರೂಪಾಯಿಯ ವಸ್ತು ಅದು. ನಿಮ್ಮ ಕೈ ಸುಟ್ಟದ್ದೂ ಇದೇ ಲೆಕ್ಕದಿಂದ: ಒಳಗೆ ಕುದಿಯದೆ ತಡೆದು ನಿಂತಿದ್ದ ನೀರಿನ ಒತ್ತಡ ಕ್ಯಾಪ್ ತಿರುಗಿಸಿದ ಕೂಡಲೇ ಇಳಿಯುತ್ತದೆ, ಒಂದಿಷ್ಟು ನೀರು ಒಮ್ಮೆಗೇ ಆವಿಯಾಗಿ ಉಳಿದ ಕುದಿನೀರನ್ನೂ ಹೊರಕ್ಕೆ ಚಿಮ್ಮಿಸುತ್ತದೆ.

ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವೇ ಥರ್ಮೋಸ್ಟಾಟ್. ‘ಅದನ್ನು ತೆಗೆಸಿದರೆ ಗಾಡಿ ಹೀಟ್ ಆಗುವುದಿಲ್ಲ’ ಎಂದು ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ನಾನೂ ಮೊದಲ ಹತ್ತು ವರ್ಷ ಹಾಗೆ ತೆಗೆದು ಎಸೆದಿದ್ದೇನೆ, ಮರೆಮಾಚುವುದಿಲ್ಲ. ಅದು ತಪ್ಪು ತಿಳಿವಳಿಕೆ. ಥರ್ಮೋಸ್ಟಾಟ್ ತೆರೆದುಕೊಂಡಾಗ ಹಲವು ಎಂಜಿನ್‌ಗಳಲ್ಲಿ ಅಡ್ಡದಾರಿಯ ಕೊಳವೆಯನ್ನು ತಾನೇ ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಊರಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಏರಿನಲ್ಲಿ ಅದೇ ಎಂಜಿನ್ ಕುದಿಯುತ್ತದೆ. ನಿಮ್ಮ ಗಾಡಿಯಲ್ಲಿ ಅದಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಇಲ್ಲಿಯವರೆಗೆ ಆದದ್ದು ಸಣ್ಣ ಖರ್ಚು. ದೊಡ್ಡ ಖರ್ಚು ಆದದ್ದು ಕೊನೆಯ ನೂರಿನ್ನೂರು ಮೀಟರ್‌ನಲ್ಲಿ ಮತ್ತು ಆ ಕ್ಯಾನಿನ ತಣ್ಣೀರಿನಲ್ಲಿ. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡು ಕೆಂಡದಂತೆ ಕಾದಿರುವಾಗ ತಣ್ಣೀರು ತಾಗಿದರೆ ಲೋಹ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ, ಅದರಡಿ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಬಿಟ್ಟುಕೊಳ್ಳುತ್ತದೆ. ನೀವು ಕಂಡ ಬಿಳಿ ಹೊಗೆ ಸಿಲಿಂಡರಿನೊಳಗೆ ನೀರು ಇಳಿದುದರ ಗುರುತು. ಮುಂದೆಂದಾದರೂ ಮುಳ್ಳು ಮುಕ್ಕಾಲು ದಾಟಿದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಅದೂ ಒಂದು ಪುಟ್ಟ ರೇಡಿಯೇಟರೇ. ಆವಿ ಬಾರದಿದ್ದರೆ, ನೀರು ಸೋರದಿದ್ದರೆ ಎಂಜಿನ್ ಐಡಲ್‌ನಲ್ಲೇ ಇರಲಿ, ಫ್ಯಾನು ತಿರುಗುತ್ತಿರುತ್ತದೆ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯದಿದ್ದರೆ, ಅಥವಾ ಆವಿ ಕಂಡರೆ, ಆಫ್ ಮಾಡಿಬಿಡಿ. ಬಾನೆಟ್ ತೆರೆದು ಮುಕ್ಕಾಲು ಗಂಟೆ ಗಾಡಿ ಮುಟ್ಟಬೇಡಿ. ಆಮೇಲೆ ಮೇಲಿನ ಹೋಸನ್ನು ಬಟ್ಟೆ ಹಿಡಿದು ಹಿಚುಕಿ ನೋಡಿ. ಕಲ್ಲಿನಂತೆ ಬಿಗಿದಿದ್ದರೆ ಇನ್ನೂ ಕಾಯಬೇಕು, ಮೆತ್ತಗಿದ್ದರೆ ದಪ್ಪ ಬಟ್ಟೆ ಮುಚ್ಚಿ ಕ್ಯಾಪನ್ನು ಮೊದಲ ಕಚ್ಚಿನವರೆಗೆ ಮಾತ್ರ ತಿರುಗಿಸಿ. ಟೀ ಕಾಯಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಹಗ್ಗದ ವಿಚಾರ ಓದಿ ಮೈ ನಡುಗಿತು. ಗಾಜಿನ ಬದಲು ಒಬ್ಬರ ತಲೆ ಇರಬಹುದಿತ್ತು. ನಿಮ್ಮ ಇಡೀ ಪತ್ರದಲ್ಲಿ ನಿಜವಾದ ಅಪಾಯ ಇದೊಂದೇ. ಉಳಿದದ್ದೆಲ್ಲ ದುಡ್ಡಿನ ಮಾತು.

ಜನ ಮತ್ತು ಸಾಮಾನು ಸೇರಿದ ಬೊಲೆರೊ ಎರಡು ಟನ್ನಿನ ಆಸುಪಾಸು ತೂಗುತ್ತದೆ. ಅದು ಕಲ್ಲಿನ ಸಂದಿಯಲ್ಲಿ ಕೂತಿದ್ದರೆ ಎಳೆಯಲು ಬೇಕಾದ ಬಲ ಸಮತಟ್ಟು ರಸ್ತೆಯಲ್ಲಿ ಎಳೆಯುವುದಕ್ಕಿಂತ ಎಷ್ಟೋ ಪಟ್ಟು. ಬಂಪರ್ ತಯಾರಾಗಿರುವುದು ಆ ಬಲಕ್ಕಲ್ಲ. ಹಿಂಬದಿಯಲ್ಲಿ ಟ್ರೇಲರ್ ಸಿಕ್ಕಿಸುವ ಗುಂಡು ಇರುತ್ತದಲ್ಲ, ಅದಕ್ಕೂ ಹಗ್ಗ ಹಾಕಬಾರದು. ಅದು ಮುರಿದರೆ ಫಿರಂಗಿ ಗುಂಡೇ. ಹಗ್ಗ ಹಾಕಬೇಕಾದದ್ದು ಚಾಸಿಗೆ ಬಿಗಿದ ಟೋ ಕೊಕ್ಕೆಗೆ. ಟ್ರ್ಯಾಕ್ಟರಿನ ನೈಲಾನ್ ಹಗ್ಗ ಬಿಸಿಲಿನಲ್ಲಿ ಬಿದ್ದು ಬಿದ್ದು ಎಷ್ಟು ಜೀರ್ಣವಾಗಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಅದರ ತುದಿಯ ಕಬ್ಬಿಣದ ಕೊಕ್ಕೆಯಂತೂ ಹಾರಲು ಸಿದ್ಧವಾಗಿರುವ ಕಲ್ಲು. ಗಾಡಿಯ ತೂಕದ ಎರಡು ಮೂರು ಪಟ್ಟು ತಾಳುವ, ಎಂಟೊಂಬತ್ತು ಮೀಟರ್ ಉದ್ದದ, ಸ್ವಲ್ಪ ಹಿಗ್ಗುವ ಪಟ್ಟಿ ಒಂದು, 4.75 ಟನ್ ಎಂದು ಮೈಮೇಲೆ ಅಚ್ಚೊತ್ತಿರುವ, ಪಟ್ಟಿಯನ್ನು ಗಾಡಿಗೆ ಸಿಕ್ಕಿಸುವ ಉಕ್ಕಿನ ಕೊಂಡಿ (ಶ್ಯಾಕಲ್) ಎರಡು. ಗುಂಪಿಗೆ ಒಂದು ಸೆಟ್ ಸಾಕು. ಎಳೆಯುವ ಮೊದಲು ಪಟ್ಟಿಯ ನಡುವೆ ಒದ್ದೆ ಕಂಬಳಿ ಹಾಸಿ, ಕಿತ್ತುಬಂದರೆ ಅದು ಕೆಳಕ್ಕೆ ಬೀಳುತ್ತದೆ. ಎರಡು ಗಾಡಿಗಳ ಚಾಲಕರನ್ನು ಬಿಟ್ಟು ಉಳಿದವರೆಲ್ಲ ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು. ವೀಡಿಯೊ ಮಾಡುವವನೂ ಅಷ್ಟೇ. ಸಾಮಾನ್ಯವಾಗಿ ಅವನೇ ಹತ್ತಿರ ನಿಂತಿರುತ್ತಾನೆ.

ಇನ್ನು ಸ್ಕಾರ್ಪಿಯೊ. ಎರಡೇ ಚಕ್ರಕ್ಕೆ ಬಲ ಹೋಗುವ ಗಾಡಿ, ಏರಿನಲ್ಲಿ, ತನ್ನಷ್ಟೇ ಭಾರದ ಇನ್ನೊಂದನ್ನು ಎಳೆಯಲು ಹೊರಟರೆ ಚಾಲಕನಿಗೆ ಇರುವ ದಾರಿ ಅರ್ಧ ಕ್ಲಚ್ ಒತ್ತಿ ಆಕ್ಸಿಲರೇಟರ್ ತುಳಿಯುವುದೊಂದೇ. ಪ್ಲೇಟು ಜಾರುತ್ತಾ ಉಜ್ಜಿ ಕಾಯುತ್ತದೆ, ಒಂದೆರಡು ನಿಮಿಷದಲ್ಲಿ ಅದರ ಮೈ ಗಾಜಿನಂತೆ ನುಣುಪಾಗಿ ಹಿಡಿತ ಬಿಡುತ್ತದೆ. ಥಾರ್ ಅಥವಾ ಜಿಮ್ನಿಯ ಲೋ ರೇಂಜ್ ಇರುವುದೇ ಈ ಕೆಲಸಕ್ಕೆ. ಗೇರಿನ ಬಲವನ್ನು ಎರಡು, ಎರಡೂವರೆ ಪಟ್ಟು ಹೆಚ್ಚಿಸುವುದರಿಂದ ಕ್ಲಚ್ ಜಾರಿಸುವ ಪ್ರಮೇಯವೇ ಬರುವುದಿಲ್ಲ. ಅಂಥ ಮೂರು ಗಾಡಿಗಳು ನಿಮ್ಮ ಗುಂಪಿನಲ್ಲಿದ್ದವು. ಎರಡು ಕಿಲೋಮೀಟರ್ ಮುಂದೆ ಇದ್ದವು! ನಿಮ್ಮ ಗೆಳೆಯರು ಬೊಲೆರೊ ಬಗ್ಗೆ ಮಾತೆತ್ತಿದಾಗ ನೀವು ಹೇಳಬಹುದಾದದ್ದು ಇದನ್ನೇ.

ಸಾಲಾಗಿ ಹೋಗುವವರಿಗೆ ಹಳೆಯ ನಿಯಮವೊಂದಿದೆ: ಪ್ರತಿಯೊಬ್ಬನೂ ತನ್ನ ಹಿಂದಿನ ಗಾಡಿಗೆ ಹೊಣೆ. ಕನ್ನಡಿಯಲ್ಲಿ ಅದು ಕಾಣದಿದ್ದರೆ ನಿಲ್ಲಬೇಕು. ನೀವು ನಿಂತರೆ ನಿಮ್ಮ ಮುಂದಿನವನೂ ನಿಲ್ಲುತ್ತಾನೆ, ಹೀಗೆ ಇಡೀ ಸಾಲು ತಾನೇ ನಿಲ್ಲುತ್ತದೆ. ಎಲ್ಲಕ್ಕಿಂತ ದುರ್ಬಲ ಗಾಡಿ ಎರಡನೆಯದಾಗಿರಲಿ, ಲೋ ರೇಂಜ್ ಇರುವ ಒಂದು ಗಾಡಿ ಕಡ್ಡಾಯವಾಗಿ ಕೊನೆಯಲ್ಲಿರಲಿ. ಸಿಗ್ನಲ್ ಇಲ್ಲದ ಕಡೆಗೆ ಕೈಯಲ್ಲಿ ಹಿಡಿಯುವ ವಾಕಿಟಾಕಿ ಒಳ್ಳೆಯದು. ಆದರೆ 446.0ರಿಂದ 446.2 ಮೆಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುವ ಕಡಿಮೆ ಶಕ್ತಿಯವನ್ನೇ ಕೊಳ್ಳಿ. ನಮ್ಮ ದೇಶದಲ್ಲಿ ಅವಕ್ಕೆ ಪರವಾನಗಿ ಬೇಡ. ಅಗ್ಗಕ್ಕೆ ಸಿಗುವ ಬೇರೆ ತರಂಗದವುಗಳಿಗೆ ಬೇಕು.

ಬ್ಯಾಟರಿಯ ಕಥೆ ಬೇಗ ಮುಗಿಯುತ್ತದೆ. ಗಾಡಿಯ ಬ್ಯಾಟರಿ ಸೆಲ್ಫ್ ಹೊಡೆಯುವ ಕೆಲವು ಸೆಕೆಂಡುಗಳಿಗೆ ಹೆಚ್ಚು ಕರೆಂಟ್ ಕೊಡಲು ಮಾಡಿದ್ದು, ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕೊಡಲು ಅಲ್ಲ. ಸಣ್ಣ ಫ್ರಿಜ್ ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ದೀಪ, ಹಾಡು, ಹನ್ನೊಂದು ಮೊಬೈಲ್ ಸೇರಿಸಿ ಲೆಕ್ಕ ಹಾಕಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ ಎಂದರ್ಥ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ವೋಲ್ಟ್‌ಮೀಟರ್ ಮುನ್ನೂರು ನಾನ್ನೂರು ರೂಪಾಯಿಗೆ ಸಿಗುತ್ತದೆ. ಮಲಗುವ ಮೊದಲು ಒಮ್ಮೆ ನೋಡಿ, ಫ್ರಿಜ್ ಆರಿಸಿ; ಡಿಸೆಂಬರಿನ ರಾತ್ರಿಯಲ್ಲಿ ಕೋಳಿ ಹಾಗೇ ಕೆಡುವುದಿಲ್ಲ. ಆಟೊಮ್ಯಾಟಿಕ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ, ಚಕ್ರ ನೆಲದ ಮೇಲೆ ಉರುಳಿಸುತ್ತಾ ದೂರ ಎಳೆದೊಯ್ಯಲೂ ಬಾರದು. ಆದ್ದರಿಂದ ಕ್ಯಾಂಪಿನ ಕರೆಂಟ್ ಹಂಗು ಅದರ ಮೇಲೆ ಬೀಳಲೇಬಾರದಿತ್ತು.

ಜಿಮ್ನಿಯವರ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ಕೇಬಲ್ ತಿರುಗುಮುರುಗಾದರೆ, ಕಿಡಿ ಹಾರಿದರೆ ಕಂಪ್ಯೂಟರ್ ಸುಡಬಹುದು. ಕ್ರಮ ತಪ್ಪದಿದ್ದರೆ ಅಪಾಯ ತೀರ ಕಡಿಮೆ. ಎರಡೂ ಗಾಡಿ ಆಫ್ ಇರಲಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಅದರ ಇನ್ನೊಂದು ತುದಿ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತಿರುತ್ತದೆ, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ನಂತರ ಒಳ್ಳೆಯ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಪ್ರಯತ್ನಿಸಬೇಕು. ಅವರಿಗೆ ಇನ್ನೂ ಅನುಮಾನವಿದ್ದರೆ ಒತ್ತಾಯಿಸಬೇಡಿ. ಪುಟ್ಟ ಜಂಪ್ ಸ್ಟಾರ್ಟರ್ ಒಂದನ್ನು ಚಂದಾ ಎತ್ತಿ ಕೊಂಡುಕೊಂಡರೆ ಸ್ನೇಹವೂ ಉಳಿಯುತ್ತದೆ.

ಈಗ ಮಾರ್ಚ್ ತಿಂಗಳ ಯೋಜನೆ. ಡಿಸೆಂಬರಿನ ಬಾಗೇಪಲ್ಲಿಗೂ ಮಾರ್ಚಿನ ಪಾವಗಡಕ್ಕೂ ಹೋಲಿಕೆ ಇಲ್ಲ.

ಒಂದನೆಯದು ಹುಲ್ಲು. ಆ ಹೊತ್ತಿಗೆ ಬಾದೆ ಹುಲ್ಲು ಮೊಣಕಾಲೆತ್ತರ ಒಣಗಿ ನಿಂತಿರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇದೆ. ಅದು ಆಗಾಗ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, ಆಗ ಒಳಗೆ 600 ಡಿಗ್ರಿಯಷ್ಟು ಬಿಸಿ. ಅಂಥ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಅಡಿಯಲ್ಲಿ ಬೆಂಕಿ ಹೊತ್ತಿಕೊಳ್ಳಲು ಬೀಡಿಯೂ ಬೇಡ. ಬರಿ ನೆಲ ಹುಡುಕಿ ನಿಲ್ಲಿಸಿ, ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲನ್ನು ಕಿತ್ತು ತೆಗೆಯಿರಿ. ನಿಧಾನಗತಿಯಲ್ಲೇ ಇಡೀ ದಿನ ತೆವಳಿದರೆ ಆ ಜರಡಿ ಸುಟ್ಟುಕೊಳ್ಳಲಾಗದೆ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಬಂದರೆ ಹತ್ತಿರದ ಹೆದ್ದಾರಿಗೆ ಬಂದು ಒಂದಿಷ್ಟು ದೂರ ಏಕವೇಗದಲ್ಲಿ ಓಡಿಸಬೇಕು. ಈ ತಲೆನೋವು ನಿಮ್ಮ ಬೊಲೆರೊಗೆ ಇಲ್ಲ ಎಂದು ಗೆಳೆಯರಿಗೆ ನೆನಪಿಸಿ!

ಎರಡನೆಯದು ಕೆರೆ ಅಂಗಳ. ಮಾರ್ಚಿನಲ್ಲಿ ನೀರು ಹಿಂದೆ ಸರಿದು ನೆಲ ಬಿರುಕು ಬಿಟ್ಟು, ಯಾರೋ ನಿಮಗೆಂದೇ ಮೈದಾನ ಮಾಡಿಟ್ಟಂತೆ ಕಾಣುತ್ತದೆ. ಮೇಲಿನ ನಾಲ್ಕು ಬೆರಳು ಮಾತ್ರ ಗಟ್ಟಿ. ಕೆಳಗೆ ರಾಗಿ ಅಂಬಲಿಯಂಥ ಹೂಳು. ಜೊತೆಗೆ ಹೊಲಕ್ಕೆ ಗೋಡು ಹೊಡೆಯಲು ಜೆಸಿಬಿ ತೋಡಿದ ಗುಂಡಿಗಳು ಮತ್ತೆ ತುಂಬಿಕೊಂಡು ಮಟ್ಟಸವಾಗಿ ಕೂತಿರುತ್ತವೆ. ಒಮ್ಮೆ ಶಿರಾ ಕಡೆಯ ಕೆರೆಯೊಂದರಲ್ಲಿ ಹೊಚ್ಚ ಹೊಸ ಫೋರ್ ವೀಲ್ ಡ್ರೈವ್ ಗಾಡಿ ಬಾಗಿಲಿನವರೆಗೆ ಕೂತಿತ್ತು. ಅದನ್ನು ಎತ್ತಿದ್ದು ಎರಡು ಟ್ರ್ಯಾಕ್ಟರ್. ಆ ರೈತರು ದುಡ್ಡು ಬೇಡವೆಂದರು, ಆದರೆ ನಕ್ಕದ್ದು ಮಾತ್ರ ಬಹಳ ಹೊತ್ತು. ನಡೆದು ನೋಡದೆ ಕೆರೆಗೆ ಗಾಡಿ ಇಳಿಸಬೇಡಿ. ನಡೆಯುವಾಗ ಹಿಮ್ಮಡಿ ಒತ್ತಿ ನಡೆಯಿರಿ.

ಮೂರನೆಯದು ಎಲ್ಲಿ ಹೋಗುತ್ತೀರಿ ಎಂಬುದು. ಮೊಬೈಲಿನ ನಕ್ಷೆಯಲ್ಲಿ ಗೆರೆ ಇದೆ ಎಂದಮಾತ್ರಕ್ಕೆ ದಾರಿ ಇದೆ ಎಂದಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಮುತ್ತ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಬಂದ ಮೇಲೆ ಸುಮಾರು 13,000 ಎಕರೆ ನೆಲದ ಚಹರೆಯೇ ಬದಲಾಗಿದೆ. ಹಳೆಯ ಬಂಡಿಜಾಡು ಹಿಡಿದು ಹೊರಟರೆ ಬೇಲಿ ಎದುರಾದೀತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು, ಶಿರಾದ ಬುಕ್ಕಾಪಟ್ಟಣದ ಚಿಂಕಾರ ಧಾಮ, ದೇವರಾಯನದುರ್ಗದ ಕಾಡು – ಇವೆಲ್ಲ ಗಾಡಿಯ ಶಕ್ತಿ ಪರೀಕ್ಷಿಸುವ ಜಾಗಗಳಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಗಾಡಿ ನುಗ್ಗಿಸಿದರೆ, ಡೇರೆ ಹಾಕಿದರೆ ಮೊಕದ್ದಮೆ ಬೀಳುತ್ತದೆ. ಆ ಸೀಮೆಯ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಕೆಟ್ಟ ಗಾಡಿಯ ಪಕ್ಕ ಕತ್ತಲಲ್ಲಿ ಒಬ್ಬರನ್ನೇ ಕೂರಿಸಿ ಹೋಗಬೇಡಿ. ಕಳೆದ ಸಲದಂತೆ ಪರಿಚಯದ ರೈತರ ತೋಪೇ ಸರಿಯಾದ ಆಯ್ಕೆ. ಅದರಲ್ಲಿ ನಿಮ್ಮ ಗುಂಪು ಜಾಣತನ ತೋರಿಸಿದೆ.

ಹಾಗಾದರೆ ಬೊಲೆರೊ ಬರಬೇಕೇ ಬೇಡವೇ? ಮನೆಯಲ್ಲೇ ಬಿಟ್ಟು ಇನ್ನೊಬ್ಬರ ಗಾಡಿಯಲ್ಲಿ ಕೂತು ಹೋಗುವುದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ. ಆದರೆ ಹನ್ನೊಂದು ಜನ ಮತ್ತು ಡೇರೆ, ಪಾತ್ರೆ, ನೀರು ನಾಲ್ಕೇ ಗಾಡಿಗೆ ಬೀಳುತ್ತವೆ. ಭಾರ ಹೆಚ್ಚಾದ ಥಾರ್ ಇನ್ನೊಂದು ಬಗೆಯಲ್ಲಿ ಕೆಡುತ್ತದೆ. ಮಾರಿ ಫೋರ್ ವೀಲ್ ಡ್ರೈವ್ ಕೊಳ್ಳುವುದು ನಿಮ್ಮ ಆಸೆಯಾದರೆ ಕೊಳ್ಳಿ, ಈ ಪ್ರವಾಸದ ಕಾರಣಕ್ಕೆ ಬೇಡ. ವರ್ಷಕ್ಕೆ ಎರಡು ಸಲದ ಆರು ಕಿಲೋಮೀಟರಿಗಾಗಿ ಉಳಿದ ದಿನವೆಲ್ಲ ಕಂತು ಕಟ್ಟಬೇಕೇ? ಅದೂ ಅಲ್ಲದೆ, ಮುಳ್ಳು ಏರಿದಾಗ ನಿಲ್ಲಿಸದ ಚಾಲಕ ಹೊಸ ಗಾಡಿಯಲ್ಲೂ ನಿಲ್ಲಿಸುವುದಿಲ್ಲ. ಹೊಸದರ ಎಂಜಿನ್ ಬೆಲೆ ಹೆಚ್ಚು, ಅಷ್ಟೇ ವ್ಯತ್ಯಾಸ.

ನಾನಾಗಿದ್ದರೆ ಬೊಲೆರೊ ತೆಗೆದುಕೊಂಡೇ ಹೋಗುತ್ತೇನೆ, ಕಡಿದಾದ ಏರಿನ ಮೊದಲೇ ಯಾವುದಾದರೂ ಊರಿನ ಮನೆಯ ಮುಂದೆ ನಿಲ್ಲಿಸಿ, ಸಾಮಾನನ್ನು ಥಾರ್‌ಗಳಲ್ಲಿ ಎರಡು ಸಲ ಸಾಗಿಸುತ್ತೇನೆ. ಮುಂದೆ ಮೂರು ಗಾಡಿ ಕೆಟ್ಟರೂ ತಾರು ರಸ್ತೆಯ ಹತ್ತಿರ ಓಡುವ ಸ್ಥಿತಿಯಲ್ಲಿ ಒಂದು ಗಾಡಿ ಇರುತ್ತದೆ. ಕಂಪನಿಗಳ ಟೋಯಿಂಗ್ ವಾಹನ ಬರುವುದೂ ಸಾಮಾನ್ಯವಾಗಿ ಅಲ್ಲಿಯವರೆಗೆ ಮಾತ್ರ, ಕೆರೆ ಅಂಗಳಕ್ಕೋ ಗುಡ್ಡದ ನೆತ್ತಿಗೋ ಅಲ್ಲ. ವಿಮೆಯನ್ನು ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಯಂತ್ರ ತಾನಾಗಿ ಕೆಟ್ಟರೆ ಹಣ ಬರುವುದಿಲ್ಲ; ನೀರು ನುಗ್ಗಿ ಎಂಜಿನ್ ಹೋದರೂ, ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಂಡಿರದಿದ್ದರೆ ಅದೇ ಗತಿ.

ಹೊರಡುವುದಕ್ಕೆ ಎರಡು ವಾರ ಮೊದಲು ಗ್ಯಾರೇಜಿನವರನ್ನು ಕೇಳಿ: ಗ್ಯಾಸ್ಕೆಟ್ ಬದಲಿಸುವಾಗ ಹೆಡ್ಡಿನ ಮಟ್ಟ ಅಳೆದರೇ, ಸೀಳು ಇದೆಯೇ ಎಂದು ಒತ್ತಡ ಕೊಟ್ಟು ನೋಡಿದರೇ? ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ರೇಡಿಯೇಟರ್ ಬಿಚ್ಚಿಸಿ ಕೊಳವೆಗಳನ್ನು ನೋಡಿಸಿ, ಫ್ಯಾನಿನ ಕವಚ ಇದೆಯೇ ಬಗ್ಗಿ ನೋಡಿ. ಕೂಲೆಂಟಿಗೆ ಬೋರಿನ ನೀರು ಬೆರೆಸದೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಇಷ್ಟಾದ ಮೇಲೆ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ, ನಂದಿ ಬೆಟ್ಟ ನಿಮ್ಮ ಮಗ್ಗುಲಲ್ಲೇ ಇದೆ. ವಾರದ ನಡುವಿನ ಒಂದು ದಿನ, ನಾಲ್ವರನ್ನು ಕೂರಿಸಿಕೊಂಡು, ಎ.ಸಿ. ಹಾಕಿ, ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಿ. ಮುಳ್ಳು ಅರ್ಧ ದಾಟಿ ಅಲುಗಾಡತೊಡಗಿದರೆ ಪಾವಗಡ ಬೇಡ. ಅಲುಗಾಡದಿದ್ದರೆ ಧೈರ್ಯವಾಗಿ ಹೊರಡಿ.

ಕ್ಲಚ್ಚಿನ ದುಡ್ಡು ಉಳಿಯಿತು. ಇದು ಮೆಕ್ಯಾನಿಕ್ ಉತ್ತರಿಸುವ ಪ್ರಶ್ನೆಯೇನಲ್ಲ. ಆದರೂ ಇಂಥ ಪಂಚಾಯಿತಿ ನನ್ನ ಗ್ಯಾರೇಜಿನ ಬೆಂಚಿನ ಮೇಲೆ ವರ್ಷಕ್ಕೆ ಮೂರ್ನಾಲ್ಕು ಸಲ ನಡೆಯುತ್ತದೆ, ಆದ್ದರಿಂದ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೆಡ್ ಗ್ಯಾಸ್ಕೆಟ್ ಪೂರ್ತಿ ನಿಮ್ಮದು. ಅದರಲ್ಲಿ ಯಾರಿಂದಲೂ ಒಂದು ರೂಪಾಯಿ ಕೇಳಬೇಡಿ. ಸ್ಕಾರ್ಪಿಯೊ ಸುಟ್ಟುಕೊಂಡದ್ದು ಗುಂಪಿನ ಕೆಲಸಕ್ಕೆ, ಅದೂ ಆ ಕೆಲಸ ಮಾಡಬೇಕಾಗಿದ್ದ ಗಾಡಿಗಳು ಸ್ಥಳದಲ್ಲಿ ಇರಲಿಲ್ಲವೆಂದು. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್, ಕೂಲಿ ಮತ್ತು ಹಿಂದಿನ ಗಾಜು ಒಟ್ಟು ಸೇರಿಸಿ ಹನ್ನೊಂದು ಪಾಲು ಮಾಡಿ. ನಿಮ್ಮ ಮನಸ್ಸಿಗೆ ಸಮಾಧಾನವಾಗುವುದಾದರೆ ನೀವು ಎರಡು ಪಾಲು ಕೊಡಿ. ಮುಂದೆ ಹೋಗಿಬಿಟ್ಟ ಥಾರ್‌ಗಳ ಇಬ್ಬರೂ ತಲಾ ಎರಡು ಪಾಲು ಕೊಡಲಿ ಎಂದು ನಾನು ಹೇಳಿದೆನೆಂದು ಹೇಳಬೇಡಿ.

ಮಧುಗಿರಿಗೆ ತುಮಕೂರಿನ ಮೇಲೆ ಬರುವುದಾದರೆ ಬೊಲೆರೊವನ್ನು ನನ್ನ ಕಣ್ಣಿಗೊಮ್ಮೆ ತೋರಿಸಿ. ರೇಡಿಯೇಟರಿನ ಹೊಸ ಕ್ಯಾಪ್ ಮೊದಲೇ ಹಾಕಿಸಿಕೊಂಡಿರಿ. ಹಳೆಯದನ್ನು ಎಸೆಯದೆ ಒಂದು ಕವರಿನಲ್ಲಿ ಸುತ್ತಿ ತನ್ನಿ, ಅದರ ವಾಷರ್ ನೋಡಬೇಕು.